ಒಮ್ಮೆ ಗೆದ್ದರೆ ಸಾಲದು, ಎಂಟು ಸಲ ಗೆಲ್ಲಲಿ!

'ಎಐ ಏಜೆಂಟ್ ಬಂತು, ಇನ್ನು ಎಲ್ಲ ಕೆಲಸ ಅದೇ ಮಾಡುತ್ತೆ' ಎಂದು ಜಂಬ ಕೊಚ್ಚುವವರಿಗೆ ಒಂದೇ ಪ್ರಶ್ನೆ ಕೇಳಿ: ಪರೀಕ್ಷೆ ಮಾಡಿದ್ದೀರಾ ಸ್ವಾಮಿ?

2024ರಲ್ಲಿ 'ಟೌ-ಬೆಂಚ್' ಎಂಬ ಪರೀಕ್ಷೆ ಬಂತು. ಅಂಗಡಿಯ ಆರ್ಡರ್ ಬದಲಿಸುವುದು, ವಿಮಾನದ ಟಿಕೆಟ್ ರದ್ದು ಮಾಡುವುದು, ಇಂಥ ಕೆಲಸ. ಆಗಿನ ಹೆಸರುವಾಸಿ ಜಿಪಿಟಿ-4ಒ ಒಟ್ಟಾರೆ ಅರ್ಧದಷ್ಟನ್ನೂ ಮುಗಿಸಲಿಲ್ಲ. ಅಂಗಡಿ ಕೆಲಸಗಳನ್ನು ಎಂಟೆಂಟು ಸಲ ಕೊಟ್ಟಾಗ, ಎಂಟೂ ಸಲ ಗೆದ್ದದ್ದು ಶೇ. 25ಕ್ಕಿಂತ ಕಡಿಮೆ!

ತಪ್ಪೆಲ್ಲ ಯಂತ್ರದ್ದೇ? ಅಲ್ಲ. ಟೂಲಿನ ಬಗ್ಗೆ ನಾವು ಬರೆದ ವಿವರಣೆಯೇ ಏಜೆಂಟಿನ ಕಣ್ಣು. 'ದಿನಾಂಕ ಕೊಡಿ' ಎಂದಷ್ಟೇ ಬರೆದರೆ 3/4 ಎಂಬುದು ಏಪ್ರಿಲ್ ಮೂರೋ, ಮಾರ್ಚ್ ನಾಲ್ಕೋ? ತಪ್ಪು ದಿನದ ಟಿಕೆಟ್ ರದ್ದಾದರೆ ಹೋಗುವುದು ಜನರ ದುಡ್ಡು.

ಬೆಂಗಳೂರಿನಲ್ಲಿ ಕೂತು ಟೂಲ್ ಬರೆಯುವ ಹುಡುಗ ಹುಡುಗಿಯರೇ, ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಎಡವಿದರೆ ಏನು ಹೇಳುತ್ತದೆ ಎಂಬುದನ್ನು ಬಿಡಿಸಿ ಬರೆಯಿರಿ. ಎಂಟು ಸಲ ಓಡಿಸಿ ಲೆಕ್ಕ ಇಡಿ. 'ನಾಡಿದ್ದು ಬೆಳಗ್ಗೆ ಮೈಸೂರಿಗೆ ಎರಡು ಟಿಕೆಟ್' ಎಂದು ಕನ್ನಡದಲ್ಲೂ ಕೇಳಿ ನೋಡಿ. ಇಂಗ್ಲಿಷಿನಲ್ಲಿ ಪಾಸಾಗಿ 'ನಾಡಿದ್ದು' ಎಂಬಲ್ಲಿ ಮುಗ್ಗರಿಸಿದರೆ, ಕನ್ನಡಿಗನ ಪಾಲಿಗೆ ಆ ಟೂಲ್ ಫೇಲು!