ಸವೆದ ಚಕ್ರದ ಸಾಕ್ಷ್ಯ

ಗೃಹಕೃತ್ಯಕ್ಕೆ ಒದಗುವ ವಸ್ತುಗಳ ವಿಷಯವಾಗಿ ಈ ಪುಟದಲ್ಲಿ ಬರೆಯುತ್ತ ಬಂದಿರುವ ನಾವು ಮೋಟಾರು ಗಾಡಿಯ ಮಾತನ್ನು ಇದುವರೆಗೆ ಎತ್ತಿದವರಲ್ಲ. ಅದು ನಮಗೆ ತಿಳಿಯದ ಶಾಸ್ತ್ರವೆಂಬುದು ಒಂದು ಕಾರಣ. ನಮಗೆ ಗಾಡಿ ನಡೆಸಲು ಬಾರದೆಂಬುದು ಮತ್ತೊಂದು. ಆದರೆ ಹೋದ ಮಳೆಗಾಲದಲ್ಲಿ ನಮ್ಮ ಮನೆಯ ಅಂಗಳದಲ್ಲಿಯೇ ನಡೆದ ಸಂಗತಿಯೊಂದು ನಮ್ಮನ್ನು ಸುಮ್ಮನಿರಗೊಡದು. ಕಾರುಳ್ಳ ಗೃಹಸ್ಥರು ಈಗ ಬೀದಿಗೆ ಹತ್ತು ಮಂದಿ ಇರುವುದರಿಂದ, ವಾಚಕರು ಇದನ್ನು ಅಪ್ರಸ್ತುತವೆಂದು ತಿಳಿಯಲಾರರೆಂದು ನಂಬಿದ್ದೇವೆ.

ನಮ್ಮ ಚಿರಂಜೀವಿಯು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಅವನು ಪತ್ನೀಪುತ್ರ ಸಮೇತನಾಗಿ ಮೈಸೂರಿಗೆ ಬಂದು, ಮರುದಿನ ಬೆಳಗ್ಗೆ ನಮ್ಮಿಬ್ಬರನ್ನೂ ತನ್ನ ಕಾರಿನಲ್ಲಿ ಕೂರಿಸಿಕೊಂಡು, ಹಾಸನದ ಮೇಲೆ ಶಿರಾಡಿ ಘಟ್ಟವನ್ನಿಳಿದು ಮಂಗಳೂರಿನಲ್ಲಿ ನೆಂಟರ ಮನೆಯ ವಿವಾಹಕ್ಕೆ ಹೋಗುವುದೆಂದು ನಿಶ್ಚಯವಾಗಿದ್ದಿತು. ಮೂರನೆಯ ದಿನ ಮುಹೂರ್ತ. ಸಾಯಂಕಾಲ ನಾಲ್ಕು ವರ್ಷದ ಮೊಮ್ಮಗನ ಚೆಂಡು ಉರುಳಿ ಕಾರಿನ ಅಡಿಗೆ ಸೇರಿತು. ಅದನ್ನು ತೆಗೆಯಲು ಮುಂದಿನ ಎಡಚಕ್ರದ ಹಿಂದೆ ಕೈ ಹಾಕಿದ ಮಗುವು ಚೀರಿ ಕೈಯನ್ನು ಹಿಂದಕ್ಕೆಳೆದುಕೊಂಡಿತು. ಬೆರಳಿನಲ್ಲಿ ರಕ್ತ. ಏನು ಚುಚ್ಚಿತೆಂದು ನಾವು ಬಗ್ಗಿ ಟಾರ್ಚು ಹಿಡಿದು ನೋಡಲಾಗಿ, ಟೈರಿನ ಒಳ ಅಂಚಿನಲ್ಲಿ ಎರಡು ಬೆರಳಗಲ ರಬ್ಬರು ಪೂರ್ತಿಯಾಗಿ ಸವೆದು, ಒಳಗಿನ ಉಕ್ಕಿನ ತಂತಿಗಳು ಮುರಿದ ಪೊರಕೆಯ ಕಡ್ಡಿಗಳಂತೆ ಹೊರಚಾಚಿಕೊಂಡಿದ್ದವು!

ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ದು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿದುದಾಯಿತು. ಆ ಬಳಿಕ ವಿಚಾರಣೆ ಆರಂಭವಾಯಿತು. ಆಶ್ಚರ್ಯವೇನೆಂದರೆ, ಅದೇ ಟೈರನ್ನು ಹೊರಗಿನಿಂದ ನೋಡಿದರೆ ಗೆರೆಗಳೆಲ್ಲ ಆಳವಾಗಿಯೇ ಇದ್ದು, ಇನ್ನೂ ಒಂದು ವರ್ಷ ಬಾಳುವಂತೆ ತೋರುತ್ತಿದ್ದಿತು. “ಅಪ್ಪಾ, ಹದಿನೈದು ದಿನಕ್ಕೊಮ್ಮೆ ಗಾಳಿ ಹಾಕಿಸ್ತೀನಿ. ಆರು ತಿಂಗಳ ಹಿಂದೆ ಅಲೈನ್‌ಮೆಂಟೂ ಮಾಡಿಸಿದೀನಿ, ಬೇಕಾದರೆ ರಸೀದಿ ನೋಡಿ” ಎಂದು ಮಗನು ಹೇಳಿದನು. ಕೂಸನ್ನು ಕೂರಿಸಿಕೊಂಡು ಓಡಾಡುವವನಿಗೆ ಇಷ್ಟು ಅಲಕ್ಷ್ಯವೇ ಎಂದು ನಮ್ಮ ಮನೆಯವರು ಗದರಿದರು. ನಾವೂ ಎರಡು ಮಾತು ಹೆಚ್ಚಾಗಿಯೇ ಆಡಿದೆವು. ಅವುಗಳಲ್ಲಿ ಒಂದನ್ನು ಮರುದಿನ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ನ್ಯಾಯಶಾಸ್ತ್ರದಲ್ಲಿ ಶೇಷವತ್ ಎಂಬುದೊಂದು ಅನುಮಾನವುಂಟು. ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವುದೇ ಅದು. ಹೊಳೆಯು ಕೆಂಪಾಗಿ ತುಂಬಿ ಬಂದರೆ ಮೇಲೆಲ್ಲಿಯೋ ಮಳೆಯಾಯಿತೆಂದು ತಿಳಿಯುತ್ತೇವಷ್ಟೆ. ಈ ಪಾಠವನ್ನು ಬಹುಕಾಲ ಹೇಳಿದ ನಮಗೆ, ಅದರ ಒಳ್ಳೆಯ ಉದಾಹರಣೆಯನ್ನು ತೋರಿಸಿಕೊಟ್ಟವನು ಶಬ್ದರೂಪಗಳನ್ನು ಒಂದು ದಿನವೂ ಸರಿಯಾಗಿ ಒಪ್ಪಿಸದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು. ಅವನು ಈಗ ಕಾರು ದುರಸ್ತಿಯ ಅಂಗಡಿಯನ್ನಿಟ್ಟಿದ್ದಾನೆ. ಬೆಳಗಾಗುತ್ತಲೇ ಸವೆದ ಚಕ್ರವನ್ನು ಬಿಚ್ಚಿ, ಸ್ಟೆಪ್ನಿಯನ್ನು ಹಾಕಿ, ಮೆಲ್ಲನೆ ಅವನಲ್ಲಿಗೆ ಹೋದೆವು.

ಅವನು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಬಿಚ್ಚಿದ ಟೈರಿನ ಮೈಮೇಲೆ ಅಂಗೈಯನ್ನು ಅಡ್ಡಲಾಗಿ ಒಮ್ಮೆ ಒಳಗಿನಿಂದ ಹೊರಕ್ಕೂ ಮತ್ತೊಮ್ಮೆ ಹೊರಗಿನಿಂದ ಒಳಕ್ಕೂ ಆಡಿಸಿ, “ಗಾಳೀದಲ್ಲ ಮೇಷ್ಟ್ರೇ, ಚಕ್ರ ಕಾಲು ಅಗಲಿಸಿಕೊಂಡು ಓಡ್ತಿದೆ” ಎಂದನು. ನಮ್ಮ ಕೈಯಿಂದಲೂ ಹಾಗೆಯೇ ಮಾಡಿಸಿದನು. ಒಳಗಿನಿಂದ ಹೊರಕ್ಕೆ ಸವರಿದರೆ ನುಣುಪು. ಹೊರಗಿನಿಂದ ಒಳಕ್ಕೆ ಸವರಿದರೆ ಗರಗಸದ ಹಲ್ಲಿನಂತೆ ತಡೆಯುತ್ತಿದ್ದಿತು.

ಇದರ ತತ್ತ್ವವನ್ನು ತಿಳಿದುಕೊಳ್ಳಲು ನಮಗೆ ಅರ್ಧ ದಿನ ಹಿಡಿಯಿತು. ಗಾಳಿಯ ದೋಷವಾದರೆ ಸವೆತವು ಎಂದಿಗೂ ಒಂದೇ ಪಕ್ಕದಲ್ಲಿರದು. ಗಾಳಿ ಕಡಿಮೆಯಾದಾಗ ಟೈರಿನ ನಡು ಒಳಕ್ಕೆ ಬಾಗಿ ಭಾರವೆಲ್ಲ ಎರಡು ಅಂಚುಗಳ ಮೇಲೆ ಬೀಳುವುದರಿಂದ ಎರಡೂ ಅಂಚುಗಳು ಸವೆಯುತ್ತವೆ. ಗಾಳಿ ಹೆಚ್ಚಾದರೆ ನಡುವು ಉಬ್ಬಿ ಅದೊಂದೇ ಸವೆಯುತ್ತದೆ. ನೆರೆಮನೆಯ ನಿವೃತ್ತ ಅಧಿಕಾರಿಗಳ ಕಾರು ವಾರಕ್ಕೊಮ್ಮೆ ಮಾತ್ರ ದೇವಸ್ಥಾನಕ್ಕೆ ಹೋಗುವಂಥದು. ಓಡದ ಗಾಡಿಗೆ ಗಾಳಿಯೇಕೆಂದು ಅವರು ನೋಡುತ್ತಿರಲಿಲ್ಲ. ಬಂದು ಪರೀಕ್ಷಿಸಲಾಗಿ ಅವರ ನಾಲ್ಕು ಟೈರುಗಳಿಗೂ ಎರಡು ಅಂಚುಗಳೂ ಬೋಳಾಗಿದ್ದವು. ಸುಮ್ಮನೆ ನಿಂತ ಟೈರಿನಿಂದಲೂ ತಿಂಗಳಿಗೆ ಒಂದೆರಡು ಪೌಂಡಿನಷ್ಟು ಒತ್ತಡವು ತಾನಾಗಿ ಸೋರಿಹೋಗುತ್ತದೆ.

ಒಂದೇ ಅಂಚು ಸವೆದಿದ್ದರೆ ಚಕ್ರವು ನಿಂತಿರುವ ರೀತಿಯಲ್ಲಿಯೇ ವಕ್ರತೆಯುಂಟೆಂದು ತಿಳಿಯತಕ್ಕುದು. ಆ ವಕ್ರತೆಯು ಎರಡು ವಿಧ. ಎದುರಿನಿಂದ ನೋಡಿದಾಗ ಚಕ್ರದ ನೆತ್ತಿಯು ಒಳಕ್ಕೋ ಹೊರಕ್ಕೋ ವಾಲಿದ್ದರೆ ಅದು ಕ್ಯಾಂಬರ್. ಒಳಕ್ಕೆ ವಾಲಿದರೆ ಒಳ ಅಂಚು, ಹೊರಕ್ಕೆ ವಾಲಿದರೆ ಹೊರ ಅಂಚು ಸವೆಯುತ್ತದೆ. ಆದರೆ ಸವೆದ ಭಾಗವು ನುಣ್ಣಗಿರುತ್ತದೆ. ಇನ್ನೊಂದು ಟೋ ಎಂಬುದು. ಮೇಲಿನಿಂದ ನೋಡಿದಾಗ ಮುಂದಿನ ಎರಡು ಚಕ್ರಗಳು ನಮ್ಮ ಪಾದಗಳಂತೆ ಒಳಮುಖವಾಗಿಯೋ ಹೊರಮುಖವಾಗಿಯೋ ಇರುವುದು. ಹೀಗಿದ್ದರೆ ಚಕ್ರವು ಉರುಳುತ್ತಲೇ ಪಕ್ಕಕ್ಕೂ ಉಜ್ಜಲ್ಪಡುತ್ತದೆ. ಆ ಉಜ್ಜಾಟದಿಂದಲೇ ಗರಗಸದ ಹಲ್ಲುಗಳು ಏಳುವುದು. ಹಲ್ಲು ಹೊರಮುಖವಾಗಿದ್ದರೆ ಚಕ್ರಗಳು ಹೊರಕ್ಕೆ ತೆರೆದಿವೆ, ಒಳಮುಖವಾಗಿದ್ದರೆ ಒಳಕ್ಕೆ ಮುಚ್ಚಿವೆ.

ಅರ್ಧ ಡಿಗ್ರಿಯ ಓರೆಯಿಂದ ಎಷ್ಟು ಮಹಾ ಹಾನಿಯಾದೀತೆಂದು ನಾವು ಕೇಳಿದೆವು. ಶಿಷ್ಯನು ನಕ್ಕನು. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದಾಗ, ಅರ್ಧ ಡಿಗ್ರಿ ಓರೆಯಾದ ಚಕ್ರವು ಒಂದು ಕಿಲೋಮೀಟರು ಸಾಗುವಷ್ಟರಲ್ಲಿ ಸುಮಾರು 9 ಮೀಟರು ಪಕ್ಕಕ್ಕೆ ಎಳೆಯಲ್ಪಟ್ಟಂತಾಗುವುದೆಂದು ತಿಳಿಯಿತು. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 145 ಕಿಲೋಮೀಟರು. ಅಷ್ಟು ದೂರದಲ್ಲಿ 1,300 ಮೀಟರಿನಷ್ಟು ರಬ್ಬರನ್ನು ರಸ್ತೆಯ ಮೇಲೆ ತೇದಂತಾಯಿತು. ಗಂಧದ ಕೊರಡಾಗಿದ್ದರೂ ಉಳಿಯುತ್ತಿರಲಿಲ್ಲ.

ಟೈರಿನ ಸುತ್ತಳತೆಯಲ್ಲಿ ಅಲ್ಲಲ್ಲಿ ಬಟ್ಟಲಿನಂತೆ ಗುಳಿಬಿದ್ದಿದ್ದರೆ ಷಾಕ್ ಅಬ್ಸಾರ್ಬರ್ ಸತ್ತು ಚಕ್ರವು ಕುಪ್ಪಳಿಸುತ್ತಿದೆಯೆಂದೋ, ತೂಕದ ಸಮತೋಲ ತಪ್ಪಿದೆಯೆಂದೋ ಭಾವಿಸಬಹುದು. ಬ್ಯಾಲೆನ್ಸಿಂಗ್ ಮಾಡಿಸಿದರೆ ಅಂಚು ಸವೆಯುವುದು ನಿಲ್ಲುವುದೆಂದು ಹಲವರು ತಿಳಿದಿರುವುದು ತಪ್ಪು. ಅದು ನಡುಕಕ್ಕೆ ಮದ್ದೇ ಹೊರತು ಓರೆಗೆ ಅಲ್ಲ.

ನಮ್ಮ ಪ್ರಕರಣಕ್ಕೆ ಬರೋಣ. ಬಲಚಕ್ರದ ಒಳ ಅಂಚೂ ಸವೆದಿದ್ದಿತು, ಆದರೆ ತಂತಿ ಕಾಣುವಷ್ಟಲ್ಲ. ಮುಂದಿನ ಎರಡು ಚಕ್ರಗಳೂ ಸ್ಟಿಯರಿಂಗಿನ ಸರಳುಗಳಿಂದ ಜೋಡಣೆಗೊಂಡಿರುವುದರಿಂದ ಒಂದರ ಓರೆಯನ್ನು ಎರಡೂ ಹಂಚಿಕೊಳ್ಳುತ್ತವೆಯಂತೆ. ಹಾಗಾದರೆ ಎಡಕ್ಕೆ ಮಾತ್ರ ಹೆಚ್ಚೇಕೆ? ಅಲ್ಲಿ ಎರಡನೆಯದೊಂದು ಕಾರಣವಿರಬೇಕು. “ಎಂಟು ತಿಂಗಳಿಂದೀಚೆಗೆ ಎಲ್ಲಾದರೂ ಗುಂಡಿಗೆ ಜೋರಾಗಿ ಬಿದ್ದಿತ್ತಾ?” ಎಂದು ಶಿಷ್ಯನು ಕೇಳಿದನು. ಮಗನಿಗೆ ನೆನಪಿರಲಿಲ್ಲ. ಸೊಸೆಗೆ ಇದ್ದಿತು. ಸಂಕ್ರಾಂತಿಯ ಸಮಯದಲ್ಲಿ ರಾತ್ರಿ ಹಳ್ಳಕ್ಕೆ ಬಿದ್ದುದನ್ನೂ, ಅಂದಿನಿಂದ ನೇರ ರಸ್ತೆಯಲ್ಲಿಯೂ ಸ್ಟಿಯರಿಂಗ್ ಕೊಂಚ ಓರೆಯಾಗಿ ನಿಲ್ಲುತ್ತಿದ್ದುದನ್ನೂ, ತಾನು ಅದನ್ನು ಎರಡು ಸಲ ಹೇಳಿದುದನ್ನೂ ಆಕೆ ಮೆಲ್ಲನೆ ತಿಳಿಸಿದಳು. ಮಗನು ಟೈರನ್ನೇ ನೋಡುತ್ತ ನಿಂತನು.

ಚಕ್ರವನ್ನೆತ್ತಿ ಎರಡು ಕೈಗಳಿಂದ ಎಡಬಲಕ್ಕೆ ಅಲ್ಲಾಡಿಸಲಾಗಿ ಟಕಟಕನೆ ಸದ್ದು. ಟೈ ರಾಡಿನ ತುದಿಯ ಕೀಲು ಸಡಿಲವಾಗಿದ್ದಿತು. ಅದಲ್ಲದೆ ಆ ಪೆಟ್ಟಿಗೆ ಎಡಗಡೆಯ ಸ್ಟ್ರಟ್ ಬಾಗಿ ಚಕ್ರದ ನೆತ್ತಿಯು ಒಳಕ್ಕೆ ವಾಲಿದ್ದಿತು. ಅಂದಮೇಲೆ ಆರು ತಿಂಗಳ ಹಿಂದೆ ಹಣ ತೆಗೆದುಕೊಂಡವರು ಮಾಡಿದುದೇನು? ಸಡಿಲವಾದ ಕೀಲನ್ನು ಹಾಗೆಯೇ ಬಿಟ್ಟು ಯಂತ್ರದ ಮೇಲೆ ಅಳತೆಯನ್ನು ಸರಿಪಡಿಸಿದ್ದರು. ಗಾಡಿಯು ರಸ್ತೆಗಿಳಿಯುತ್ತಲೇ ಅದು ಮತ್ತೆ ಜಾರಿತು. ರಸೀದಿಯಿದ್ದಿತೇ ಹೊರತು, ಮೊದಲಿನ ಮತ್ತು ಅನಂತರದ ಅಳತೆಗಳ ಕಾಗದವಿರಲಿಲ್ಲ. ಅದನ್ನು ಕೇಳಿ ಪಡೆಯಬೇಕೆಂದು ನಮ್ಮ ಮಗನಿಗೆ ಗೊತ್ತಿರಲಿಲ್ಲ, ಅವರಾಗಿ ಕೊಡಲಿಲ್ಲ. ಅಲಕ್ಷ್ಯವೆಂದು ಹಿಂದಿನ ರಾತ್ರಿ ಆಡಿದ ಮಾತನ್ನು ನಾವು ಅಲ್ಲಿಯೇ ಹಿಂತೆಗೆದುಕೊಂಡೆವು. ನಮ್ಮ ಮನೆಯವರು ಮಾತ್ರ ಹಿಂತೆಗೆದುಕೊಂಡಿಲ್ಲ; ಹೆಂಡತಿಯ ಮಾತನ್ನು ಕೇಳದಿದ್ದುದು ಅಲಕ್ಷ್ಯವಲ್ಲದೆ ಮತ್ತೇನೆಂಬುದು ಅವರ ವಾದ.

ಕೀಲು, ಸ್ಟ್ರಟ್, ಎರಡು ಹೊಸ ಟೈರು, ಕೊನೆಯಲ್ಲಿ ಅಲೈನ್‌ಮೆಂಟ್: ಇದೇ ಕ್ರಮದಲ್ಲಿ ಕೆಲಸವು ಸಂಜೆಯವರೆಗೆ ನಡೆಯಿತು. ಹೊಸ ಟೈರುಗಳನ್ನು ಶಿಷ್ಯನು ಹಿಂದಕ್ಕೆ ಹಾಕಿ, ಸಮನಾಗಿ ಸವೆದಿದ್ದ ಹಿಂದಿನವನ್ನು ಮುಂದಕ್ಕೆ ತಂದನು. ನಾವು ಆಕ್ಷೇಪಿಸಲಾಗಿ, ಒದ್ದೆ ರಸ್ತೆಯಲ್ಲಿ ಮುಂದಿನದು ಜಾರಿದರೆ ಚಾಲಕನಿಗೆ ತಿಳಿದೀತು, ಹಿಂದಿನದು ಜಾರಿದರೆ ಗಾಡಿಯೇ ತಿರುಗಿ ನಿಂತೀತೆಂದು ಹೇಳಿದನು. ಟೈರು ತಯಾರಕರ ಸಲಹೆಯೂ ಇದೇ ಆಗಿದೆ.

ಮನೆಯಲ್ಲಿ ಮಾಡತಕ್ಕುದು ಹೆಚ್ಚಿಲ್ಲ. ಗಾಡಿ ನಿಂತಿರುವಾಗ ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿಯಾಗಿ ತಿರುಗಿಸಿದರೆ ಮುಂದಿನ ಚಕ್ರಗಳ ಮೈ ಕಣ್ಣಿಗೆ ಬೀಳುತ್ತದೆ. ಇನ್ನೊಂದು ಕಡೆಗೂ ತಿರುಗಿಸಿ ಒಳ ಅಂಚುಗಳೆರಡನ್ನೂ ನೋಡಬೇಕು. ಹಿಂದಿನವಕ್ಕೆ ಟಾರ್ಚು ಬೇಕು. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಅಡ್ಡದಿಂಡುಗಳಿರುತ್ತವೆ. ರಬ್ಬರು ಅವುಗಳ ಮಟ್ಟಕ್ಕೆ ಇಳಿಯಿತೆಂದರೆ ಆಳವು 1.6 ಮಿಲಿಮೀಟರಿಗೆ ಬಂದಿತೆಂದರ್ಥ. ಆ ಟೈರನ್ನು ಮತ್ತೆ ಓಡಿಸಲಾಗದು. ಗಾಳಿಯನ್ನು ಗಾಡಿಯು ಓಡುವುದಕ್ಕೆ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಕಂಬದ ಮೇಲೆ ಅಚ್ಚಾಗಿರುತ್ತದೆ. ಪೆಟ್ರೋಲು ಬಂಕಿನ ಹುಡುಗನ ಊಹೆಗೆ ಬಿಡತಕ್ಕುದಲ್ಲ.

ಮರುದಿನ ಐದು ಗಂಟೆಗೆ ಹೊರಟೆವು. ಸಕಲೇಶಪುರ ದಾಟುತ್ತಲೇ ಹಿಡಿದ ಮಳೆಯು ಘಟ್ಟವನ್ನಿಳಿಯುವವರೆಗೂ ಬಿಡಲಿಲ್ಲ. ಎದುರಿಗೆ ಲಾರಿಗಳ ಸಾಲು, ಪಕ್ಕದಲ್ಲಿ ಕಣಿವೆ. ಸ್ಟಿಯರಿಂಗ್ ನೆಟ್ಟಗಿರುವುದೆಂದು ಸೊಸೆಯು ಒಮ್ಮೆ ಹೇಳಿದಳು. ಮಗು ಪಟ್ಟಿ ಕಟ್ಟಿದ ಬೆರಳನ್ನು ಎತ್ತಿ ಹಿಡಿದು ನಮ್ಮ ತೊಡೆಯ ಮೇಲೆ ನಿದ್ರಿಸುತ್ತಿದ್ದಿತು. ಮುಹೂರ್ತವು ಮರುದಿನ ಬೆಳಗ್ಗೆಯಾದುದರಿಂದ ಧಾರೆಗೆ ಒದಗಿದೆವು. ಹಿಂದಿನ ದಿನದ ಉಪಚಾರಗಳಿಗೆ ಒದಗದಿದ್ದುದಕ್ಕೆ ಬಂಧುಗಳು ಆಡಿದ ಮಾತುಗಳನ್ನು ಇಲ್ಲಿ ಬರೆಯಬೇಕಾದುದಿಲ್ಲ. ತಂತಿ ಬಂದ ಹಳೆಯ ಟೈರನ್ನು ಸ್ಟೆಪ್ನಿಯಾಗಿ ಇರಲೆಂದು ಮಗನು ಕೇಳಿದ್ದನು. ನಾವು ಅದನ್ನು ಶಿಷ್ಯನ ಅಂಗಡಿಯಲ್ಲಿಯೇ, ನಮ್ಮೆದುರಿಗೇ ಕೊಯ್ಯಿಸಿಹಾಕಿ ಬಂದಿದ್ದೆವು.