ಬೀದಿ ಉಳಿದರೆ ನುಡಿ ಉಳಿದೀತು!

ನಿಮಗೆ ಲಗೋರಿ ಕಲಿಸಿದ್ದು ಯಾವ ಶಾಲೆ? ಬುಗುರಿಗೆ ಚಾಟಿ ಸುತ್ತುವುದನ್ನು ಹೇಳಿಕೊಟ್ಟದ್ದು ಯಾವ ಮೇಷ್ಟ್ರು? ನಿಮ್ಮ ಮನೆಯ ಮುಂದಿನ ಬೀದಿ! ಬೆಂಗಳೂರಿನಲ್ಲಿ ತಮಿಳು, ತೆಲುಗು, ಉರ್ದು, ಮಾರ್ವಾಡಿ ಮನೆಮಾತಿನ ಎಷ್ಟೋ ಮಕ್ಕಳಿಗೆ ಕನ್ನಡ ಬಂದದ್ದೂ ಅಲ್ಲೇ. ‘ನೀನು ಔಟು’, ‘ಇಲ್ಲ, ಮೋಸ!’ ಎಂದು ಜಗಳವಾಡಲು ಕನ್ನಡ ಬೇಕಿತ್ತು, ಕಲಿತರು. ಸರ್ಕಾರಿ ಆದೇಶ ಬೇಕಾಗಲಿಲ್ಲ.

ಇಂದು ಆ ಬೀದಿ ಎಲ್ಲಿದೆ? ಎರಡೂ ಬದಿ ಕಾರುಗಳು. ನಡುವೆ ನುಗ್ಗುವ ಬೈಕುಗಳು. ಮಕ್ಕಳು ಮನೆಯೊಳಗೆ ಮೊಬೈಲ್ ಹಿಡಿದು ಕೂತಿದ್ದಾರೆ. ಕುಂಟೆಬಿಲ್ಲೆ, ಚಿನ್ನಿದಾಂಡು ಮರೆಯಾಗುತ್ತಿವೆ. ಅವುಗಳ ಜೊತೆ ಆ ಮಾತುಗಳೂ!

ಇದು ಆಗದ ಕೆಲಸವೇ? ಕಡಲೆಕಾಯಿ ಪರಿಷೆಗೆ ಬಸವನಗುಡಿಯ ಬುಲ್ ಟೆಂಪಲ್ ರಸ್ತೆ ಜನರದ್ದಾಗುತ್ತದೆ. ಚಿತ್ರಸಂತೆಗೆ ಕುಮಾರಕೃಪಾ ರಸ್ತೆ ಸಿಗುತ್ತದೆ. 2020ರ ನವೆಂಬರ್‌ನಲ್ಲಿ ಚರ್ಚ್ ಸ್ಟ್ರೀಟನ್ನು ವಾರಾಂತ್ಯದಲ್ಲಿ ವಾಹನಗಳಿಗೆ ಮುಚ್ಚಿ, ನಡೆಯುವವರಿಗೆ ಬಿಟ್ಟರು. ಅಂಗಡಿ ಸಾಲಿಗೆ ಸಿಕ್ಕಿದ್ದು ನಮ್ಮ ಮಕ್ಕಳಿಗೇಕೆ ಸಿಗಬಾರದು?

2024ರ ಕಾಯ್ದೆಯಂತೆ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು. ಹೋರಾಡಿ ಪಡೆದೆವು, ಸಂತೋಷ. ಆದರೆ ಫಲಕದ ಕೆಳಗೆ ಕನ್ನಡ ಆಡುವ ಮಗು ಬೇಡವೇ?

ವಾರ್ಡಿಗೊಂದು ಬೀದಿಯನ್ನು ಭಾನುವಾರ ಬೆಳಿಗ್ಗೆ 7ರಿಂದ 10ರವರೆಗೆ ಮಕ್ಕಳಿಗೆ ಬಿಡಿ ಎಂದು ಪಾಲಿಕೆಗೆ, ಸಂಚಾರ ಪೊಲೀಸರಿಗೆ ಇಂದೇ ಅರ್ಜಿ ಬರೆಯಿರಿ. ಅರ್ಜಿ ಕನ್ನಡದಲ್ಲಿರಲಿ. ಸಹಿ ಮಾತ್ರ ಬೀದಿಯ ಪ್ರತಿ ಮನೆಯದೂ ಇರಲಿ, ಮನೆಮಾತು ಯಾವುದಾದರೂ ಸರಿ. ಆಟಕ್ಕೆ ಬಂದ ಮಗು ಕನ್ನಡಕ್ಕೆ ಬಂದೇ ಬರುತ್ತದೆ!