ಕೈ ಎತ್ತದ ಮಕ್ಕಳ ಉತ್ತರ

0.8 ಮತ್ತು 0.35, ಇವೆರಡರಲ್ಲಿ ಯಾವುದು ದೊಡ್ಡದು? ಏಳನೆಯ ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಮುಂದಿನ ಸಾಲಿನಲ್ಲಿ ನಾಲ್ಕೈದು ಕೈ ಮೇಲೇಳುತ್ತವೆ. ಒಬ್ಬ ಹುಡುಗಿ ‘0.8 ಸಾರ್’ ಎನ್ನುತ್ತಾಳೆ. ‘ಶಭಾಷ್’ ಎಂದು ಮೇಷ್ಟ್ರು ಮುಂದಿನ ಸ್ಲೈಡಿಗೆ ಹೋಗುತ್ತಾರೆ. ಮೂವತ್ತೈದು ಎಂಟಕ್ಕಿಂತ ದೊಡ್ಡದು, ಹಾಗಾಗಿ 0.35 ದೊಡ್ಡದು ಎಂದು ನಂಬಿರುವ ಮಕ್ಕಳು ಆ ಕೋಣೆಯಲ್ಲಿ ಎಷ್ಟು ಜನ? ಹತ್ತೋ ಇಪ್ಪತ್ತೋ, ಮೇಷ್ಟ್ರಿಗೆ ಗೊತ್ತಾಗುವ ದಾರಿಯೇ ಇಲ್ಲ. ಗೊತ್ತಾಗುವುದು ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವಾಗ. ಅಷ್ಟರಲ್ಲಿ ದಶಮಾಂಶದ ಪಾಠ ಮುಗಿದು ತಿಂಗಳುಗಳೇ ಕಳೆದಿರುತ್ತವೆ.

ಸ್ಲೈಡುಗಳಿಗೆ ಜೋಡಿಸುವ ಹೊಸ ಸಲಕರಣೆಗಳ ಬಗ್ಗೆ ಶಾಲೆಗಳಲ್ಲಿ ಈಗ ಬಹಳ ಉತ್ಸಾಹವಿದೆ. ಅವುಗಳ ಬೆಲೆ ಕಟ್ಟಬೇಕಾದದ್ದು ಈ ಒಂದು ಸಂಗತಿಯಿಂದ: ಕೈ ಎತ್ತದ ಮಗುವಿನ ತಲೆಯಲ್ಲಿರುವುದು ಪಾಠ ನಡೆಯುತ್ತಿರುವಾಗಲೇ ಶಿಕ್ಷಕರಿಗೆ ಕಾಣುತ್ತದೆಯೇ? ಕಂಡ ಮೇಲೆ ಪಾಠ ಬದಲಾಗುತ್ತದೆಯೇ?

ಪವರ್‌ಪಾಯಿಂಟ್ ಹುಟ್ಟಿದ್ದು 1987ರಲ್ಲಿ. ಅದನ್ನು ರೂಪಿಸಿದವರ ಕಣ್ಣೆದುರು ಇದ್ದದ್ದು ಶಾಲೆಯಲ್ಲ, ಕಂಪನಿಗಳ ಸಭಾಕೊಠಡಿ. ಅಲ್ಲಿ ಒಬ್ಬರು ಮಂಡಿಸುತ್ತಾರೆ, ಉಳಿದವರು ನೋಡುತ್ತಾರೆ. ಆ ಗುಣ ತರಗತಿಗೂ ಹಾಗೆಯೇ ಬಂತು. ಕರಿಹಲಗೆಗೆ ಒಂದು ನಿಧಾನವಿತ್ತು. ಮೇಷ್ಟ್ರು ಬರೆಯುವಷ್ಟು ಹೊತ್ತು ಮಕ್ಕಳಿಗೆ ಯೋಚಿಸಲು ಸಮಯ ಸಿಗುತ್ತಿತ್ತು, ಲೆಕ್ಕ ಎಲ್ಲಿ ತಿರುವು ತೆಗೆದುಕೊಂಡಿತು ಎಂಬುದು ಕಣ್ಣಿಗೆ ಕಾಣುತ್ತಿತ್ತು. ಪಿಪಿಟಿಯಲ್ಲಿ ಲೆಕ್ಕ ಬಿಡಿಸಿದ ಸ್ಥಿತಿಯಲ್ಲೇ ಬರುತ್ತದೆ. ಪಾಠ ಬೇಗ ಮುಗಿಯುತ್ತದೆ, ಮಕ್ಕಳು ಪರದೆಯಲ್ಲಿರುವುದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದರಲ್ಲೇ ಮುಳುಗಿರುತ್ತಾರೆ.

ಈ ಕೊರತೆ ತುಂಬಲು ಬಂದವು ಗೂಗಲ್ ಸ್ಲೈಡ್ಸ್‌ಗೆ ಸೇರಿಕೊಳ್ಳುವ ಪೇರ್ ಡೆಕ್, ಪವರ್‌ಪಾಯಿಂಟ್ ಒಳಗೇ ಕೂರುವ ಕ್ಲಾಸ್‌ಪಾಯಿಂಟ್, ಸ್ವೀಡನ್ನಿನ ಮೆಂಟಿಮೀಟರ್, ಸ್ಲೊವಾಕಿಯಾದ ಸ್ಲೈಡೊ. ಹೆಸರು ಬೇರೆಯಾದರೂ ಕೆಲಸ ಹೆಚ್ಚುಕಡಿಮೆ ಒಂದೇ. ಸ್ಲೈಡಿನ ನಡುವೆ ಒಂದು ಪ್ರಶ್ನೆ ನಿಲ್ಲುತ್ತದೆ. ಮಕ್ಕಳು ತಮ್ಮ ಫೋನ್, ಟ್ಯಾಬ್ ಅಥವಾ ಲ್ಯಾಬ್‌ನ ಕಂಪ್ಯೂಟರಿನಿಂದ ಉತ್ತರಿಸುತ್ತಾರೆ. ಯಾವ ಉತ್ತರಕ್ಕೆ ಎಷ್ಟು ಮಂದಿ ಎಂಬುದು ಪರದೆಯ ಮೇಲೆ ಕಂಬಗಳಾಗಿ ಮೂಡುತ್ತದೆ. ಈ ಬಳಗದ ಒಂದು ದೊಡ್ಡ ಹೆಸರು ನಮ್ಮ ಬೆಂಗಳೂರಿನದೇ. 2015ರಲ್ಲಿ ಇಲ್ಲಿನ ಶಾಲೆಯೊಂದರಲ್ಲಿ ಗಣಿತದಲ್ಲಿ ಹಿಂದುಳಿದ ಮಕ್ಕಳಿಗೆ ಪಾಠ ಹೇಳುತ್ತಿದ್ದ ಇಬ್ಬರು ಗೆಳೆಯರು ಕ್ವಿಜಿಜ್ ಶುರು ಮಾಡಿದರು. ಜಗತ್ತಿನ ಅನೇಕ ದೇಶಗಳ ತರಗತಿಗಳನ್ನು ಮುಟ್ಟಿದ ಅದು 2025ರಲ್ಲಿ ವೇಗ್ರೌಂಡ್ ಎಂದು ಹೆಸರು ಬದಲಿಸಿಕೊಂಡಿತು.

ಇವೆಲ್ಲಕ್ಕೂ ಹಿಂದೆ ಇರುವ ಕಥೆ ತಂತ್ರಜ್ಞಾನದ್ದಲ್ಲ, ಒಬ್ಬ ಮೇಷ್ಟರದು. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನದ ಪ್ರಾಧ್ಯಾಪಕ ಎರಿಕ್ ಮಜೂರ್ ತಮ್ಮ ಉಪನ್ಯಾಸ ಚೆನ್ನಾಗಿದೆ ಎಂದೇ ನಂಬಿದ್ದರು. ವಿದ್ಯಾರ್ಥಿಗಳು ಕಠಿಣ ಲೆಕ್ಕಗಳನ್ನು ಬಿಡಿಸುತ್ತಿದ್ದರು, ಮೇಷ್ಟರಿಗೆ ಒಳ್ಳೆಯ ಅಂಕವನ್ನೂ ಕೊಡುತ್ತಿದ್ದರು. ಆದರೆ ಸೂತ್ರವೇ ಬೇಡದ, ಬಲ ಮತ್ತು ಚಲನೆ ಕುರಿತ ಸರಳ ಪ್ರಶ್ನೆಗಳನ್ನು ಕೊಟ್ಟಾಗ ಅನೇಕರು ತಡವರಿಸಿದರು. ನೀವು ಕಲಿಸಿದಂತೆ ಉತ್ತರಿಸಬೇಕೋ, ನಾನು ಯೋಚಿಸುವಂತೆಯೋ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದನ್ನು ಮಜೂರ್ ಮತ್ತೆ ಮತ್ತೆ ನೆನೆಯುತ್ತಾರೆ. ಕಲಿತದ್ದು ಒಂದು ಕಡೆ, ನಂಬಿದ್ದು ಇನ್ನೊಂದು ಕಡೆ! 1991ರಿಂದ ಅವರು ಪಾಠದ ರೀತಿಯನ್ನೇ ಬದಲಿಸಿದರು. ಒಂದು ಪ್ರಶ್ನೆ ಕೇಳುವುದು, ಒಂದೆರಡು ನಿಮಿಷ ಪ್ರತಿಯೊಬ್ಬರೂ ಒಬ್ಬೊಬ್ಬರೇ ಯೋಚಿಸಿ ಉತ್ತರ ಕೊಡುವುದು, ಬಳಿಕ ಬೇರೆ ಉತ್ತರ ಕೊಟ್ಟ ಪಕ್ಕದವರ ಜೊತೆ ವಾದಿಸುವುದು, ಮತ್ತೊಮ್ಮೆ ಉತ್ತರ ಕೊಡುವುದು. ಸರಿ ಉತ್ತರ ಸುಮಾರು ಶೇ 35ರಿಂದ 70ರಷ್ಟಿದ್ದಾಗ ಆ ವಾದಕ್ಕೆ ಅರ್ಥವಿರುತ್ತದೆ ಎಂಬುದು ಅವರ ಅನುಭವ. ಅದಕ್ಕಿಂತ ಕಡಿಮೆಯಾದರೆ ಪಾಠವನ್ನೇ ಮತ್ತೆ ಹೇಳಬೇಕು, ಹೆಚ್ಚಾದರೆ ಮುಂದೆ ಹೋಗಬಹುದು.

ಇಲ್ಲಿ ಕೆಲಸ ಮಾಡುವುದು ಮಕ್ಕಳ ನಡುವಿನ ಮಾತು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ತಳಿವಿಜ್ಞಾನ ತರಗತಿಗಳಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನ ಒಂದು ಅಚ್ಚರಿಯನ್ನು ತೋರಿಸಿತು. ಗುಂಪಿನಲ್ಲಿ ಮೊದಲು ಯಾರಿಗೂ ಸರಿ ಉತ್ತರ ಗೊತ್ತಿಲ್ಲದಿದ್ದರೂ ಚರ್ಚೆಯ ನಂತರ ಅನೇಕರು ಸರಿಯಾದ ಕಡೆಗೆ ಬರುತ್ತಿದ್ದರು. ಜಾಣನ ಉತ್ತರವನ್ನು ಉಳಿದವರು ನಕಲು ಮಾಡುತ್ತಾರೆ ಎಂಬ ಅನುಮಾನಕ್ಕೆ ಅಲ್ಲಿ ಉತ್ತರ ಸಿಕ್ಕಿತು. ಮೇಲೆ ಎಸೆದ ಕಲ್ಲು ತುತ್ತತುದಿ ಮುಟ್ಟಿದ ಕ್ಷಣದಲ್ಲಿ ಅದರ ಮೇಲೆ ಯಾವ ಬಲವಿದೆ ಎಂದು ಒಂಬತ್ತನೆಯ ತರಗತಿಯಲ್ಲಿ ಕೇಳಿ, ಐದು ನಿಮಿಷ ಜಗಳಾಡಲು ಬಿಟ್ಟು ನೋಡಬೇಕು. ಅಲ್ಲಿ ಕಲ್ಲು ನಿಂತಿದೆ, ಹಾಗಾಗಿ ಬಲವೇ ಇಲ್ಲ ಎನ್ನುವ ಹುಡುಗನಿಗೆ, ಹಾಗಿದ್ದರೆ ಅದು ಅಲ್ಲೇ ಯಾಕೆ ನಿಂತುಬಿಡುವುದಿಲ್ಲ ಎಂದು ಪಕ್ಕದ ಹುಡುಗಿ ಕೇಳಿದರೆ ಸಾಕು. ಯಾವ ಸ್ಲೈಡೂ ಹೇಳಲಾರದಷ್ಟು ಗುರುತ್ವಾಕರ್ಷಣೆ ಅವನಿಗೆ ಅರ್ಥವಾಗುತ್ತದೆ.

ಮಜೂರ್ ಅವರ ತರಗತಿಯಲ್ಲಿ ಮೊದಲಿಗೆ ಯಂತ್ರವೇ ಇರಲಿಲ್ಲ. ಕೈ ಎತ್ತುವುದು, ಕಾರ್ಡು ತೋರಿಸುವುದು, ಅಷ್ಟೆ. ಉತ್ತರ ಒತ್ತುವ ಕೈಯಂತ್ರಗಳು ಬಂದದ್ದು ಆಮೇಲೆ. ಕೆನಡಾದ ಕಾಲೇಜೊಂದರಲ್ಲಿ ನಥಾನಿಯಲ್ ಲಾಸ್ರಿ ಒಂದು ಗುಂಪಿಗೆ ಆ ಯಂತ್ರ, ಇನ್ನೊಂದಕ್ಕೆ ಕಾಗದದ ಕಾರ್ಡು ಕೊಟ್ಟು ಇದೇ ವಿಧಾನದಲ್ಲಿ ಕಲಿಸಿದರು. 2008ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಯಂತ್ರದಿಂದ ಶಿಕ್ಷಕರಿಗೆ ಅನುಕೂಲ ನಿಜ: ಎಣಿಕೆ ತಾನೇ ಆಗುತ್ತದೆ, ದಾಖಲೆ ಉಳಿಯುತ್ತದೆ, ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದೆ ನಾಚಿಕೆಯ ಮಗುವೂ ಧೈರ್ಯ ಮಾಡುತ್ತದೆ. ಕೊನೆಯದನ್ನು ನಾನು ಹಗುರವಾಗಿ ನೋಡುವುದಿಲ್ಲ. ತಪ್ಪು ಹೇಳಿ ನಗೆಗೀಡಾದ ಮಗು ವರ್ಷಗಟ್ಟಲೆ ಬಾಯಿ ತೆರೆಯದೇ ಇರಬಹುದು.

ಯಂತ್ರವಿಲ್ಲದೆಯೂ ಕಲಿಕೆ ಅಷ್ಟೇ ನಡೆಯುತ್ತದೆ ಎಂಬ ಮಾತು ನಮ್ಮ ಶಾಲೆಗಳ ಸ್ಥಿತಿಗೆ ನೇರವಾಗಿ ಸಂಬಂಧಿಸಿದೆ. ಶಾಲೆಗಳ ಅಂಕಿಅಂಶ ಕಲೆಹಾಕುವ ಯುಡೈಸ್ ಪ್ಲಸ್‌ನ 2024–25ರ ವರದಿ ಪ್ರಕಾರ ದೇಶದಲ್ಲಿ ಇಂಟರ್ನೆಟ್ ಇರುವ ಶಾಲೆಗಳು ಶೇ 63.5 ಮಾತ್ರ. ಪ್ರತಿ ಮಗುವಿನ ಕೈಯಲ್ಲೂ ಟ್ಯಾಬ್ ಇರಬೇಕು ಎಂಬ ಷರತ್ತಿನಿಂದ ಹೊರಟರೆ ಸರ್ಕಾರಿ ಶಾಲೆಯ ಬಹುಪಾಲು ಮಕ್ಕಳು ಬಾಗಿಲ ಹೊರಗೇ ಉಳಿಯುತ್ತಾರೆ. ಪ್ಲಿಕರ್ಸ್ ಎಂಬ ಸಲಕರಣೆ ನನಗೆ ಇಷ್ಟವಾಗುವುದು ಈ ಕಾರಣಕ್ಕೇ. ಪ್ರತಿ ಮಗುವಿಗೂ ಸಾದಾ ಕಾಗದದಲ್ಲಿ ಮುದ್ರಿಸಿದ, ಕ್ಯೂಆರ್ ಕೋಡ್ ಹೋಲುವ ಒಂದು ಕಾರ್ಡು. ಅದರ ನಾಲ್ಕು ಅಂಚುಗಳಲ್ಲಿ ನಾಲ್ಕು ಆಯ್ಕೆಗಳ ಸಣ್ಣ ಅಕ್ಷರ. ತನ್ನ ಉತ್ತರದ ಅಂಚನ್ನು ಮೇಲೆ ಮಾಡಿ ಮಗು ಕಾರ್ಡು ಹಿಡಿಯುತ್ತದೆ, ಶಿಕ್ಷಕರು ತಮ್ಮೊಂದೇ ಫೋನಿನ ಕ್ಯಾಮೆರಾವನ್ನು ತರಗತಿಯುದ್ದಕ್ಕೂ ಆಡಿಸುತ್ತಾರೆ. ಯಾರ ಉತ್ತರ ಏನೆಂಬುದು ಫೋನಿನಲ್ಲಿ ಮೂಡುತ್ತದೆ. ಪ್ರತಿ ಕಾರ್ಡಿನ ವಿನ್ಯಾಸವೂ ಬೇರೆ, ಹಾಗಾಗಿ ಪಕ್ಕದವರನ್ನು ನೋಡಿ ತಿರುಗಿಸುವುದು ಸುಲಭವಲ್ಲ.

ಅದೂ ಇಲ್ಲವೆಂದರೆ ಸ್ಲೇಟು ಇದೆ. ‘ಉತ್ತರ ಬರೆದು ಸ್ಲೇಟು ಎತ್ತಿ’ ಎನ್ನುತ್ತಿದ್ದ ಹಳೆಯ ಟೀಚರುಗಳು ಎಲ್ಲ ಮಕ್ಕಳ ತಲೆಯನ್ನೂ ಒಂದೇ ನೋಟದಲ್ಲಿ ಓದುತ್ತಿದ್ದರು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ–ಕಲಿ ಕೂಡ ಮಗು ತಾನೇ ಮಾಡಿ, ತನ್ನ ವೇಗದಲ್ಲಿ ಕಲಿಯಬೇಕು ಎಂಬ ನಂಬಿಕೆಯ ಮೇಲೆಯೇ ನಿಂತದ್ದು. ಈ ನಾಡಿನ ಶಿಕ್ಷಕರಿಗೆ ಭಾಗವಹಿಸುವ ತರಗತಿ ಹೊಸದಲ್ಲ. ಪ್ರೊಜೆಕ್ಟರ್ ಬಂದ ಮೇಲೆ ಅದನ್ನು ಕಳೆದುಕೊಳ್ಳದಿರುವುದಷ್ಟೇ ಈಗಿನ ಸವಾಲು.

ಕಳೆದುಕೊಳ್ಳುವ ದಾರಿಗಳೂ ಇವೆ. ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ ಕೊಟ್ಟು, ಮೊದಲ ಐವರ ಹೆಸರನ್ನು ಸಂಗೀತದೊಡನೆ ಮೆರೆಸುವ ಆಟಗಳು ಗದ್ದಲ ಎಬ್ಬಿಸುತ್ತವೆ, ಮಕ್ಕಳು ಕುಣಿಯುತ್ತಾರೆ. ನಿಧಾನವಾಗಿ ಯೋಚಿಸುವ ಮಗು ಮಾತ್ರ ಮೂರನೆಯ ಪ್ರಶ್ನೆಗೆ ಕೈಚೆಲ್ಲಿ, ಏನೋ ಒಂದು ಒತ್ತತೊಡಗುತ್ತದೆ. ಪ್ರಶ್ನೆ ಕೇಳಿ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೂ ಕಾಯುವುದಿಲ್ಲ, ಮೂರು ಸೆಕೆಂಡು ಕಾದರೂ ಉತ್ತರಗಳ ಗುಣ ಬದಲಾಗುತ್ತದೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಗಡಿಯಾರ ಓಡಿಸುವ ಸಲಕರಣೆ ಆ ಮೂರು ಸೆಕೆಂಡನ್ನೇ ಕಿತ್ತುಕೊಳ್ಳುತ್ತದೆ. ಸಮಯದ ಅಂಕವನ್ನು ನಿಲ್ಲಿಸುವ ಸೌಲಭ್ಯವಿದ್ದರೆ ಪಾಠದ ನಡುವೆ ಅದನ್ನು ನಿಲ್ಲಿಸಿಯೇ ಬಳಸಬೇಕು.

ಕನ್ನಡಕ್ಕೆ ಬಂದರೆ ಇನ್ನೊಂದು ತೊಡಕು. ಹೆಚ್ಚು ಬಾರಿ ಬಂದ ಪದ ದೊಡ್ಡದಾಗಿ ಕಾಣುವ ‘ಪದಮೋಡ’ ಎಲ್ಲರಿಗೂ ಮೆಚ್ಚು. ಆದರೆ ಕಾಡಿನಿಂದ ಏನು ಸಿಗುತ್ತದೆ ಎಂದು ಕೇಳಿದಾಗ ಒಬ್ಬರು ‘ಮಳೆ’, ಇನ್ನೊಬ್ಬರು ‘ಮಳೆಯು’, ಮತ್ತೊಬ್ಬರು ‘ಮಳೆ ಬರುತ್ತೆ’ ಎಂದು ಬರೆದರೆ, ಒಂದೇ ಕಾಗುಣಿತವನ್ನಷ್ಟೇ ಸೇರಿಸಿ ಎಣಿಸುವ ಯಂತ್ರಕ್ಕೆ ಅವು ಮೂರು ಬೇರೆ ಉತ್ತರಗಳು. ವಿಭಕ್ತಿ, ಪ್ರತ್ಯಯಗಳ ನಮ್ಮ ನುಡಿಯಲ್ಲಿ ಎಲ್ಲರ ಒಮ್ಮತವೂ ಪರದೆಯ ಮೇಲೆ ಚೂರುಚೂರಾಗಿ ಕಾಣಬಹುದು. ಸದ್ಯಕ್ಕೆ ಕನ್ನಡ ತರಗತಿಗೆ ಆಯ್ಕೆಯ ಪ್ರಶ್ನೆ, ಚಿತ್ರದ ಮೇಲೆ ಗುರುತು ಹಾಕುವ ಪ್ರಶ್ನೆಗಳೇ ಹೆಚ್ಚು ಒಗ್ಗುತ್ತವೆ.

ಸಲಕರಣೆಗಳ ಆಯುಸ್ಸೂ ನಮ್ಮ ಕೈಯಲ್ಲಿಲ್ಲ. ಗೂಗಲ್‌ನ ಜಾಮ್‌ಬೋರ್ಡನ್ನು ಕೊರೊನಾ ಕಾಲದಲ್ಲಿ ಎಷ್ಟೋ ಶಿಕ್ಷಕರು ನೆಚ್ಚಿಕೊಂಡಿದ್ದರು. 2024ರ ಕೊನೆಗೆ ಅದು ಮುಚ್ಚಿತು. ಇಂದು ಉಚಿತವಾದದ್ದು ನಾಳೆ ಶುಲ್ಕ ಕೇಳಬಹುದು. ಹಾಗಾಗಿ ಪ್ರಶ್ನೆಗಳ ಒಂದು ಪ್ರತಿ ಶಿಕ್ಷಕರ ಬಳಿ ಸಾದಾ ಕಡತದಲ್ಲಿ ಇರಲೇಬೇಕು. ಜೊತೆಗೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸಿ ಅವರ ಮಾಹಿತಿಗೆ ವಿಶೇಷ ರಕ್ಷಣೆ ಕೊಟ್ಟಿದೆ. ಹೆಸರಿನ ಬದಲು ಹಾಜರಿ ಸಂಖ್ಯೆ ಬಳಸುವುದಕ್ಕೆ ಖರ್ಚೇನೂ ಇಲ್ಲ.

ನನ್ನ ದೊಡ್ಡ ಕಳವಳ ತರಬೇತಿಯದು. ಯಾವ ಗುಂಡಿ ಒತ್ತಿದರೆ ಏನು ಬರುತ್ತದೆ ಎಂಬುದನ್ನು ಅರ್ಧ ದಿನದಲ್ಲಿ ಕಲಿಸಬಹುದು. ಒಳ್ಳೆಯ ತಪ್ಪು ಆಯ್ಕೆಗಳನ್ನು ಬರೆಯುವುದು ಅಷ್ಟು ಸುಲಭವಲ್ಲ. 0.8 ಮತ್ತು 0.35ರ ಪ್ರಶ್ನೆಗೆ ಶಕ್ತಿ ಬಂದದ್ದು 0.35 ಎಂಬ ಆಯ್ಕೆಯಿಂದ. ಅದು ಮಕ್ಕಳು ನಿಜವಾಗಿ ಮಾಡುವ ತಪ್ಪು. ಅಂಥ ತಪ್ಪುಗಳು ಯಾವ ಕಂಪನಿಯ ಪ್ರಶ್ನೆ ಭಂಡಾರದಲ್ಲೂ ಪೂರ್ತಿ ಸಿಗುವುದಿಲ್ಲ, ಸಿಗುವುದು ನಮ್ಮ ಶಿಕ್ಷಕರು ತಿದ್ದಿದ ಉತ್ತರ ಪತ್ರಿಕೆಗಳ ಕಟ್ಟಿನಲ್ಲಿ. ಸ್ಮಾರ್ಟ್ ಕ್ಲಾಸ್ ಸಾಮಗ್ರಿಗೆ ಹಣ ಕೊಡುವ ಇಲಾಖೆ, ದಾನಿಗಳು ಈ ಕಟ್ಟಿನ ಕಡೆಗೂ ನೋಡಲಿ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗೆ ಪ್ರತಿ ಶಿಕ್ಷಕರೂ ಒಂದು ಪ್ರಶ್ನೆ, ಅದಕ್ಕೆ ತಮ್ಮ ಮಕ್ಕಳು ಕೊಟ್ಟ ತಪ್ಪು ಉತ್ತರಗಳು, ಒಂದೊಂದನ್ನೂ ಎಷ್ಟು ಮಕ್ಕಳು ಬರೆದರು ಎಂಬ ಲೆಕ್ಕ, ಇಷ್ಟನ್ನು ತರಲಿ. ಹದಿನೈದು ಶಿಕ್ಷಕರ ಸಭೆಯಾದರೆ ತಿಂಗಳಿಗೆ ಹದಿನೈದು ಪ್ರಶ್ನೆ. ಅವನ್ನು ಸ್ಲೈಡಿಗೂ ಹಾಕಬಹುದು, ಕಾರ್ಡಿಗೂ ಹಾಕಬಹುದು, ವಿದ್ಯುತ್ ಹೋದ ದಿನ ಕರಿಹಲಗೆಯ ಮೇಲೂ ಬರೆಯಬಹುದು.